ಯಾವಾಗ ಕೇಳಿದ್ರೂ ಒಂದೇ ಗಂಟಿ

ಸೇಡಂ,
೧೩ ಜುಲೈ ೨೦೨೫, ಐತವಾರ

ಪ್ರೀತಿಯ ಅಕ್ಕಾ,

ನಿನಗ ನಿನ್ನ ತಂಗಿ ಶಿವಗಂಗಾನ ಶರಣಾರ್ಥಿ. ಮೊದಲು ನಿನ್ನ ಸೊಂಟದ ಸುದ್ದಿ ಹೇಳು. ಹೋದ ವಾರ ವಿಡಿಯೋದಾಗ ಮಾತಾಡ್ಕೋತ ನೀರು ತರಲಿಕ್ಕ ಎದ್ದಿ ನೋಡು, ಆವಾಗ ನೀ ಮೇಜಿಗಿ ಕೈ ಊರಿ ಎದ್ದಿದ್ದು ನನಗ ಕಾಣಿಸ್ತು. ಅವ್ವ ನೋಡಲಿಲ್ಲ, ನಾನೂ ಹೇಳಲಿಲ್ಲ. ದಿನಾ ಗಾಜಿನ ಮನ್ಯಾಗ ಬಗ್ಗಿ ಕಡ್ಲಿ ಗಿಡದ ಬೇರು ನೋಡೋ ಕೆಲಸ ಅಂದ್ರ ಸೊಂಟ ಹಿಡೀಲಾರದೆ ಇರ್ತದೇನು. ಕುಸುಬಿ ಎಣ್ಣಿ ಅಲ್ಲಿ ಸಿಗಂಗಿಲ್ಲ ಅಂತಿ, ಸಿಕ್ಕ ಎಣ್ಣೀನೇ ಕಾಸಿ ಹಚ್ಚಿಕೋ. ನಿನ್ನ ಸ್ಪ್ಯಾನಿಷ್ ಊರು ಕೊರ್ದೋಬಾದಾಗ ಈಗ ನಮ್ಮ ಮೇ ತಿಂಗಳಿನಂಥ ಬಿಸಲು ಅಂತ ನಿನ್ನ ಮಗಳು ಮಹಾದೇವಿ ಫೋನಿನ್ಯಾಗ ನೋಡಿ ಹೇಳ್ತಾಳ. ಹೊತ್ತಿಗಿ ಸರಿಯಾಗಿ ಉಣ್ಣು. ಒಬ್ಬಾಕಿಗೆ ಏನು ಅಡಗಿ ಅಂತ ದಿನಾ ಬ್ರೆಡ್ಡಿನ ಮ್ಯಾಲ ದಿನ ತಳ್ಳಬ್ಯಾಡ.

ಫೋನ್ ಇರಲಿಕ್ಕ ಪತ್ರ ಯಾಕ ಅಂತ ನಿನಗ ಅನ್ನಿಸ್ತದ. ನೀ ರಾಯಚೂರಿನ ಹಾಸ್ಟೆಲಿನ್ಯಾಗ ಓದಲಿಕ್ಕ ಇದ್ದಾಗ ಬರದಿದ್ದೇ ಕಡೀದು, ಆಮ್ಯಾಲ ನಾ ಯಾರಿಗೂ ಪತ್ರ ಬರದಿಲ್ಲ. ಖರೆ ಹೇಳಬೇಕಂದ್ರ ಫೋನಿನ್ಯಾಗ ಈ ಮಾತು ಹೇಳಲಿಕ್ಕ ಜಾಗಾನೇ ಇಲ್ಲ. ನೀ ಊಟದ ಬಿಡುವಿನ್ಯಾಗ ಫೋನ್ ಮಾಡ್ತಿ, ನಮಗ ಇಲ್ಲಿ ದೀಪ ಹಚ್ಚೋ ಹೊತ್ತು. ನಿನ್ನ ಮಾರಿ ಕಂಡ ಕೂಡ್ಲೇ ನಿನ್ನ ಮಕ್ಕಳಿಬ್ಬರೂ ನನ್ನ ಎರಡೂ ಭುಜದ ಮ್ಯಾಲ ಗದ್ದ ಊರಿ ನಿಂದರ್ತಾರ. ಆ ಹತ್ತು ನಿಮಿಷದಾಗ ಉಂಡ್ರೇನು, ಸಾಲಿಗಿ ಹೋಗಿದ್ರೇನು, ಕೆಮ್ಮು ಹೋತೇನು ಅನ್ನೂದ್ರಾಗೇ ಹೊತ್ತು ಮುಗೀತದ. ಅದಕ್ಕ ಹುಡುಗರನ್ನ ಬಾಜೂಕಿನ ಆಶಾಬಿ ಮನಿಗಿ ಕಳಿಸಿ, ಅವ್ವ ಅಡ್ಡಾದ ಮ್ಯಾಲ ಪಡಸಾಲ್ಯಾಗ ಕುಂತು ಬರೀಲಿಕತ್ತೀನಿ. ಕುಂತೀನಿ ಅನ್ನೂದು ಸುಳ್ಳು. ನಾಕು ಸಾಲು ಬರೀತೀನಿ, ಏಳ್ತೀನಿ, ಬಾಗಿಲ ತನಕ ಹೋಗಿ ಓಣಿ ನೋಡ್ತೀನಿ, ಮತ್ತ ಬಂದು ಕುಂದ್ರತೀನಿ. ಹದಿನೈದು ದಿನ ಆಯ್ತು, ನನಗ ಎಲ್ಲೀನೂ ಕಾಲು ನಿಂದರವಲ್ಲವು. ನಿನ್ನೆ ಅವ್ವ, ನಿನ್ನ ಅಂಗಾಲಿಗಿ ಇರವಿ ಹತ್ಯಾವೇನು ಅಂತ ಕೇಳಿದಳು.

ಮನಿ ಸುದ್ದಿ ಹೇಳಿಬಿಡ್ತೀನಿ. ಅಪ್ಪ ಆಡಕಿ ಊರಿನ ಹೊಲಕ್ಕ ತೊಗರಿ ಬಿತ್ತಿ ಬಂದಾನ. ಮಳಿ ಹದಾ ಆಗ್ಯಾದ, ಅವನ ಮಾರಿ ಮ್ಯಾಲ ಕಳೆ ಅದ. ನೀ ಹೇಳಿದಂಗ ಬೀಜಕ್ಕ ಔಷಧ ಹಚ್ಚೇ ಬಿತ್ಯಾನ, ಆದ್ರ ಊರಾಗ ಯಾರ ಮುಂದೂ ಮಗಳು ಹೇಳಿದ್ಲು ಅನ್ನಂಗಿಲ್ಲ, ನಾನೇ ವಿಚಾರ ಮಾಡಿದೆ ಅಂತಾನ. ಅವ್ವನ ಮೊಣಕಾಲು ಹಂಗೇ ಅವ. ಚಿಂಚೋಳಿ ಸಂಬಂಧದವರು ಹೋದ ತಿಂಗಳ ಬಂದು ಹೋದ್ರು. ಹುಡುಗ ಸಿದ್ಧಲಿಂಗ ಅಲ್ಲೇ ಹೈಸ್ಕೂಲಿನ್ಯಾಗ ಗಣಿತ ಹೇಳ್ತಾನ. ಚಾ ಕುಡಿಯೋವಾಗ ಮಹಾದೇವಿ ಅವನ ಮುಂದ ಹೋಗಿ ನಿಂತು, ನೀ ಅಲ್ಲಿ ಮಾತಾಡೋ ಸ್ಪ್ಯಾನಿಷಿನ್ಯಾಗ ಟೈಮ್ ಎಷ್ಟು ಅಂತ ಕೇಳಿದಳು. ಅವ ಒಂಚೂರೂ ನಗಲಾರದೆ, ಕೈಗಡಿಯಾರ ನೋಡಿ, ಅತ್ತಾಗಿನವರ ತೆಲುಗಿನ್ಯಾಗ ಉತ್ತರ ಕೊಟ್ಟ. ಆಗಿನ್ನೂ ಗಡಿಯಾರದ ಪಾಠ ಪೂರಾ ಆಗಿರಲಿಲ್ಲ, ಮಹಾದೇವಿ ಅದೇ ಸ್ಪ್ಯಾನಿಷ್ ಇರಬೇಕು ಅಂತ ನಾಕು ದಿನ ಅದನ್ನೇ ಅಂದ್ಕೋತ ತಿರಗ್ಯಾಡಿದಳು. ನನಗ ಅವ ಪಸಂದ ಬಂದಾನ ಅಕ್ಕಾ, ಅದು ನಿನಗ ಮೊದಲೇ ಹೇಳೀನಿ. ದೀಪಾವಳಿ ಆದ ಮ್ಯಾಲ ಮದುವಿ ಅಂತ ಅವರು ಮಾತು ಎತ್ಯಾರ. ಹುಡುಗರು ನಿನ್ನ ಹತ್ರ ಬಂದು ಬಿಟ್ರ ನನಗೂ ಹಗುರಾಗ್ತದ ಅಂತ ಎಲ್ಲಾರೂ ತಿಳ್ಕೊಂಡಾರ.

ಈಗ ಗಡಿಯಾರದ ಮಾತಿಗಿ ಬರ್ತೀನಿ. ಚೈತ್ರದಾಗ ನೀ ಹೇಳಿದಿ, ಸೆಪ್ಟೆಂಬರಕ್ಕ ಇಬ್ಬರನ್ನೂ ಇಲ್ಲಿ ಸಾಲಿಗಿ ಹಚ್ಚತೀನಿ, ಅಷ್ಟರಾಗ ಅಂಕಿ, ಬಣ್ಣ, ಮತ್ತ ಟೈಮ್ ಹೇಳೋದು ಕಲಿಸಿಡು, ಹೊಸಾ ಸಾಲ್ಯಾಗ ಮೂಕರಂಗ ಕುಂದ್ರಬಾರದು ಅಂತ. ನೀ ಹಚ್ಚಿಕೊಟ್ಟ ಆನ್‌ಲೈನ್ ಟೀಚರ್ ವಾರಕ್ಕ ಎರಡು ಸಲ ನನಗ ಹೇಳಿಕೊಡ್ತಾಳ, ನಾ ಅದನ್ನ ಇವರಿಗಿ ಹೇಳ್ತೀನಿ. ಅಂದ್ರ ಹುಡುಗರಕಿಂತ ನಾ ಒಂದು ಪುಟ ಮುಂದ ಇದ್ದೀನಿ, ಅಷ್ಟೇ. ಅಂಕಿ ಕಲತ್ರು, ಬಣ್ಣ ಕಲತ್ರು. ಗಡಿಯಾರಕ್ಕ ಬಂದಾಗ ಗೊತ್ತಾಯ್ತು, ಇವರಿಗಿ ಕನ್ನಡದಾಗೂ ಗಡಿಯಾರ ಬರಂಗಿಲ್ಲ. ಫೋನಿನ ಅಂಕಿ ಓದಿ ಬೆಳದ ಹುಡುಗರು, ದುಂಡನ ಗಡಿಯಾರ ಅಂದ್ರ ಅವರಿಗಿ ಗ್ವಾಡಿ ಮ್ಯಾಲಿನ ಚಿತ್ರ ಇದ್ದಂಗ. ಹಿಟ್ಟು ನಾದೋ ಪರಾತ ಬೋರಲ ಹಾಕಿ, ಅದರ ಬೆನ್ನಿಗಿ ಸುಣ್ಣದ ಕಡ್ಡೀಲೆ ಹನ್ನೆರಡು ಅಂಕಿ ಬರದೆ. ಸಣ್ಣ ಮುಳ್ಳಿಗಿ ಬೆಂಕಿಕಡ್ಡಿ, ದೊಡ್ಡ ಮುಳ್ಳಿಗಿ ಕಸಬರಗಿ ಕಡ್ಡಿ. ಮೊದಲನೇ ದಿನ ಅವ್ವ ರೊಟ್ಟಿ ಹಿಟ್ಟು ಕಲಸಲಿಕ್ಕ ಪರಾತ ಸಿಗಲಾರದೆ ಮನಿ ತುಂಬ ಹುಡುಕಿ, ಕಡೀಕ ಅದು ನಮ್ಮ ನಡುವ ಹನ್ನೆರಡು ಅಂಕಿ ಹೊತ್ಕೊಂಡು ಕುಂತಿದ್ದನ್ನ ನೋಡಿ ಬೋಗಾಣ್ಯಾಗ ಕಲಸಿದಳು.

ಆ ಭಾಷಾದಾಗ ಒಂದು ಗಂಟೀಗಿ ಒಂದು ಥರಾ, ಉಳದದ್ದಕ್ಕ ಇನ್ನೊಂದು ಥರಾ ಅದ. ಒಂದು ಆದ್ರ ಎಸ್ ಲಾ ಉನಾ. ಎರಡಾದ್ರ ಸೋನ್ ಲಾಸ್ ದೋಸ್, ಮೂರಾದ್ರ ಸೋನ್ ಲಾಸ್ ತ್ರೇಸ್. ಯಾಕ ಹಿಂಗ ಅಂತ ಮಹಾದೇವಿ ಕೇಳಿದಳು, ಪುಸ್ತಕದಾಗ ಅದಕ್ಕ ಉತ್ತರ ಇರಲಿಲ್ಲ. ಮಂಚದ ಮ್ಯಾಲ ಮಲಗಿದ್ದ ಅಪ್ಪ ಕಣ್ಣು ತೆರೀಲಾರದೇ ಹೇಳಿದ, ನಾವೂ ಒಂದು ಆಗ್ಯಾದ ಅಂತೀವಿ, ಎರಡು ಆಗ್ಯಾವ ಅಂತೀವಿ, ಅದರಾಗೇನದ. ಹೌದಲ್ಲ ಅನ್ನಿಸ್ತು. ಪಾವ ಕಮ್ಮಿ ಐದು ಅನ್ನೂದಕ್ಕ ಅವರು ಐದು, ಕಮ್ಮಿ ಪಾವ ಅಂತಾರ, ಸಿಂಕೋ ಮೆನೋಸ್ ಕ್ವಾರ್ತೋ. ಇಂಗ್ಲಿಷಿನ್ಯಾಗ ವಿಚಾರ ಮಾಡಿ ತಲಿ ಕೆಡಿಸ್ಕೊಂಡಿದ್ದೆ, ಅಪ್ಪನ ಮಾತಿನ್ಯಾಗ ಹಾಕಿದ ಕೂಡ್ಲೇ ಹಾದಿ ಸಿಕ್ತು. ಆಶಾಬಿ ಎಲಿ ಅಡಕಿ ಹಾಕ್ಕೋತ ಕಟ್ಟಿ ಮ್ಯಾಲ ಕುಂತು ಇದನ್ನೆಲ್ಲಾ ಕೇಳಿದ್ಲು. ಲಾಸ್ ದೋಸ್, ಲಾಸ್ ತ್ರೇಸ್ ಅಂತ ಹುಡುಗರು ಕೂಗೋದು ಕೇಳಿ, ಎಲ್ಲಾ ಬರೇ ಲಾಸೇ ಅದಲ್ಲ ಬೇಟಿ, ಫಾಯ್ದಾ ಯಾವ ಗಂಟೀಗಿ ಬರ್ತದ ಅಂದ್ಲು. ಆ ದಿನ ಹೊಟ್ಟಿ ಹಿಡಕೊಂಡು ನಕ್ಕಿದ್ದೇ ಕಡೀದು ನೋಡು.

ಮಹಾದೇವಿ ಹತ್ತು ದಿನದಾಗ ಕಲತಳು. ಏಳು ವರ್ಷದ ಪೋರಿ, ಹಾಲು ಕುಡೀಲಿಕ್ಕ ಕರದ್ರೂ ಗ್ವಾಡಿ ಕಡೆ ನೋಡಿ ಸ್ಪ್ಯಾನಿಷಿನ್ಯಾಗ ಟೈಮ್ ಹೇಳೇ ಬರ್ತಾಳ. ಅಕಿ ತಮ್ಮ ಅಣವೀರಗ ಮಾತ್ರ ಹತ್ತಲಿಲ್ಲ. ಬರೋ ಶ್ರಾವಣಕ್ಕ ಅವಗ ಆರು ತುಂಬತಾವ, ಅಂಕಿ ಅಕ್ಕನಕಿಂತ ಜಲ್ದಿ ಕಲ್ತಿದ್ದ. ಆದ್ರ ಮುಳ್ಳು ಎಲ್ಲಿ ಇಟ್ಟು, ಕೆ ಓರಾ ಎಸ್, ಟೈಮ್ ಎಷ್ಟು ಅಂತ ಕೇಳಿದ್ರೂ, ಎಸ್ ಲಾ ಉನಾ. ಮುಂಜಾನಿ ಕೇಳಿದ್ರೂ ಒಂದು, ಸಂಜಿ ಕೇಳಿದ್ರೂ ಒಂದು. ಬೆಲ್ಲ ಕೊಟ್ಟೆ, ಬೈದೆ, ಅಕ್ಕನ ಮುಂದ ಕೂಡ್ರಿಸಿ ಕೇಳಿದೆ, ಅಕ್ಕನ ಹಿಂದ ಇಟ್ಟು ಕೇಳಿದೆ. ನೀ ಫೋನಿನ್ಯಾಗ ಕೇಳಿದಾಗೂ ಅದನ್ನೇ ಹೇಳ್ತಿದ್ದ. ನೀ ನಗ್ತಿದ್ದಿ. ನಕ್ಕ ಮ್ಯಾಲ ನಿನ್ನ ಮಾರಿ ಹ್ಯಾಂಗ ಆಗ್ತಿತ್ತು ಅನ್ನೂದು ನಾ ನೋಡೀನಿ. ಇದು ಬಂದ್ರ ಸಾಕು ಅಣ್ಯಾ, ಇದು ಬಂತಂದ್ರ ನನ್ನ ಹತ್ರ ಬರೂದೇ ಅಂತ ನೀ ದಿನಾ ಅಂತಿದ್ದಿ. ಅವಗ ಆಸೆ ಹುಟ್ಟಲಿ ಅಂತ ಅಂತಿದ್ದಿ, ನನಗ ಗೊತ್ತದ. ನಾನೂ ಓಣ್ಯಾಗ ಯಾರು ಕೇಳಿದ್ರೂ ಅದೇ ಮಾತು ಹೇಳ್ತಿದ್ದೆ, ಗಡಿಯಾರ ಒಂದು ಕಲತ್ರ ಹೊಂಡ್ತಾರ ನೋಡ್ರಿ ಅಂತ.

ಹೋದ ತಿಂಗಳು ಕಡೀಕ ಒಂದಿನ ಮಧ್ಯಾಹ್ನ ಆಶಾಬಿ ಮನಿಗಿ ಮೆಂತ್ಯಾ ಕೊಡಲಿಕ್ಕ ಹೋದೆ. ಅಕಿ ಬಾಗಲಿಗಿ ಪರದೆ ಇಳಿಬಿಟ್ಟಿತ್ತು. ಒಳಗ ಆಶಾಬಿ ಮೊಮ್ಮಗಳು ಹುಮೇರಾ ಮತ್ತ ನಮ್ಮ ಅಣವೀರ ನೆಲದ ಮ್ಯಾಲ ಕುಂತಿದ್ರು. ಇಬ್ಬರ ನಡುವ ಒಂದು ಡಬ್ಬಿ ಮುಚ್ಚಳ, ಎರಡು ಬೆಂಕಿಕಡ್ಡಿ. ಅಣವೀರ ಹುಮೇರಾಗ ಗಡಿಯಾರ ಕಲಿಸ್ಲಿಕತ್ತಿದ್ದ. ಸ್ಪ್ಯಾನಿಷಿನ್ಯಾಗ. ಅಕ್ಕಾ, ನಾ ಪರದೆ ಹಿಂದ ಹಂಗೇ ನಿಂತೆ. ಕಡ್ಡಿ ಸರಿಸಿ ಸರಿಸಿ ಹೇಳ್ತಿದ್ದ, ಇ ಕ್ವಾರ್ತೋ, ಇ ಮೆದಿಯಾ, ಮೆನೋಸ್ ದಿಯೆಸ್, ಅಂದ್ರ ಮ್ಯಾಲ ಪಾವ, ಮ್ಯಾಲ ಅರ್ಧ, ಹತ್ತು ಕಮ್ಮಿ. ಒಂದೂ ತಪ್ಪಲಿಲ್ಲ. ನಾ ಬಾಯಿಬಿಟ್ಟು ಕಲಿಸಲಾರದ್ದೂ ಅವಗ ಬರ್ತಿತ್ತು, ನನ್ನ ಆನ್‌ಲೈನ್ ಪಾಠ ಅಡಗಿಮನ್ಯಾಗ ಕುಂತು ಕೇಳಿ ಕಲತಿದ್ದ ಅಂತ ಕಾಣ್ತದ. ಹುಮೇರಾ ತಪ್ಪಿದ್ರ ನಂದೇ ದನಿ ತಗದು, ಮುಳ್ಳು ನೋಡಿ ಹೇಳು, ಬಾಯಿ ನೋಡಿ ಹೇಳಬ್ಯಾಡ ಅಂತಿದ್ದ. ಅಕಿ ಕೇಳಿದಳು, ಇಷ್ಟು ಬರ್ತದ, ಮತ್ತ ಮನ್ಯಾಗ ಯಾಕ ಬರಂಗಿಲ್ಲ ಅಂತಿ. ಅವ ಕಡ್ಡಿ ಸರಿಸ್ಕೋತ ಹೇಳಿದ, "ಬಂತಂದ್ರ ಕಳಸ್ತಾರ. ಅಕ್ಕಗ ಬಂತು, ಅಕ್ಕನ ಕಳಸ್ತಾರ. ನಂಗ ಬರಂಗಿಲ್ಲ."

ಮೆಂತ್ಯಾ ಹಂಗೇ ತಗೊಂಡು ಮನಿಗಿ ಬಂದೆ. ಅವ್ವ, ಯಾಕ ಅವರು ಮನ್ಯಾಗ ಇಲ್ಲೇನು ಅಂದ್ರ ಇಲ್ಲ ಅಂದೆ. ಆ ದಿನದಿಂದ ನನಗ ಸಮಾಧಾನ ಇಲ್ಲ. ಇಷ್ಟು ಸಣ್ಣ ಕೂಸು ಒಂದು ತಿಂಗಳು ದಿನಾ ದಿನಾ ದಡ್ಡನಂಗ ನಟಿಸ್ಯಾನ, ಬೈಸ್ಕೊಂಡಾನ, ಅಕ್ಕ ನಕ್ಕರೂ ಸುಮ್ಮ ಕುಂತಾನ, ಒಂದು ಸಲಾನೂ ಜಾರಿಲ್ಲ. ಅವನ ಮುಂದ ನನಗ ಗೊತ್ತದ ಅಂತ ಹೇಳಲಿಕ್ಕ ಬಾಯಿ ಬರಲಿಲ್ಲ. ಹೇಳಿದ್ರ ಅವನ ಕೈಯಾಗಿದ್ದ ಒಂದೇ ಒಂದು ಆಧಾರ ಕಸಗೊಂಡಂಗ ಆಗ್ತಿತ್ತು. ಪರಾತ ತೊಳದು ಅವ್ವಗ ಕೊಟ್ಟೆ. ಪಾಠ ಮುಗೀತು ಅಂದೆ. ಅಣವೀರ ನನ್ನ ಮಾರಿ ನೋಡಿದ, ಎಷ್ಟು ಹೊತ್ತು ನೋಡಿದ ಅಂದ್ರ, ನಾನೇ ತಲಿ ತಗ್ಗಿಸಿದೆ.

ಅಷ್ಟರಾಗ ನಗ್ಮಾನ ಫೋನ್ ಬಂತು. ನಿನ್ನ ಜೋಡಿ ಕೆಲಸ ಮಾಡೋ ಶಹಾಬಾದದ ಹುಡುಗಿ, ರಜಾಕ್ಕ ಮನಿಗಿ ಬಂದಾಳ, ಆಗಸ್ಟಿನ್ಯಾಗ ತಿರುಗಿ ಹೋಗೋವಾಗ ಇವರಿಬ್ಬರನ್ನೂ ಕರ್ಕೊಂಡು ಬರ್ತಾಳ ಅಂತ ನೀ ಪಕ್ಕಾ ಮಾಡಿದ್ದೆಲ್ಲ, ಅಕೀನೇ. ವಾಡಿಗಿ ನಮ್ಮ ಖಾಲಾನ, ಚಿಗವ್ವನ ಮನಿಗಿ ಬರ್ತೀನಿ, ನೀವೂ ವಾಡಿಗಿ ಬರ್ರಿ, ಹುಡುಗರು ನನ್ನ ಮಾರಿ ರೂಢಿ ಮಾಡ್ಕೊಳ್ಳಲಿ ಅಂದ್ಲು. ಒಳ್ಳೇ ವಿಚಾರನೇ. ಎಂಟು ದಿನದ ಹಿಂದ, ಶನಿವಾರ, ಇಬ್ಬರಿಗೂ ಹೊಸಾ ಅಂಗಿ ಹಾಕಿ ಸೇಡಂದಾಗ ಗಾಡಿ ಹತ್ತಿದೆ. ಚಿತ್ತಾಪುರ ದಾಟೋ ತನಕ ಅಣವೀರ ಕಿಟಕ್ಯಾಗೇ ಇದ್ದ, ಸಿಮೆಂಟ್ ಗೂಡ್ಸ್ ಗಾಡಿ ಡಬ್ಬಿ ಎಣಿಸಿದ, ನಕ್ಕ. ವಾಡಿ ಪ್ಲಾಟ್‌ಫಾರ್ಮ್ ಮ್ಯಾಲ ನಗ್ಮಾ ನಿಂತಿದ್ದಳು. ಪಾಪ, ಭಾಳ ಚಲೋ ಹುಡುಗಿ ಅಕ್ಕಾ, ಇಬ್ಬರಿಗೂ ಚಾಕಲೇಟ್ ತಂದಿದ್ದಳು, ಮಂಡಿ ಊರಿ ಕುಂತು ಅವರ ಎತ್ತರಕ್ಕ ಬಂದು ಮಾತಾಡಿದಳು. ಮಹಾದೇವಿ ತನಗ ಬಂದಿದ್ದೆಲ್ಲಾ ಒಂದೇ ಉಸುರಿನ್ಯಾಗ ಒಪ್ಪಿಸಿದಳು. ನಗ್ಮಾ ಅಣವೀರನ ಕಡೆ ತಿರುಗಿ, ಪ್ಲಾಟ್‌ಫಾರ್ಮಿನ ಗಡಿಯಾರ ತೋರಿಸಿ, ಕೆ ಓರಾ ಎಸ್ ಅಂದಳು. ಅವ ನನ್ನ ಓಡ್ನಿ ತುದಿ ಹಿಡಕೊಂಡು ಎಸ್ ಲಾ ಉನಾ ಅಂದ. ಗಡಿಯಾರದಾಗ ನಾಕು ಹೊಡದು ಹೋಗಿತ್ತು.

ನಗ್ಮಾ ಅವನ ಗಲ್ಲ ಸವರಿ, "ಬರಲಿಲ್ಲಂದ್ರ ಬಿಡು ರಾಜಾ, ಬರ್ಲಾರದಿದ್ರೂ ಕರ್ಕೊಂಡು ಹೋಗ್ತೀನಿ" ಅಂದಳು.

ಅಕಿ ಪ್ರೀತೀಲೆ ಅಂದದ್ದು. ಯಾರಾದ್ರೂ ಹಂಗೇ ಅಂತಿದ್ರು. ಆದ್ರ ಅಣವೀರನ ಮಾರಿ ಬೆಳ್ಳಗಾಗಿದ್ದು ನಾ ಒಬ್ಬಾಕಿನೇ ನೋಡಿದೆ. ಏನರ ಹೇಳಬೇಕು ಅನ್ನೂದ್ರಾಗ ಶಹಾಬಾದ ಕಡೇಲಿಂದ ಗಾಡಿ ಬಂತು, ಇಳಿಯೋರು ಹತ್ತೋರು ನಮ್ಮ ನಡುವ ನುಗ್ಗಿದ್ರು. ಮಹಾದೇವಿನ ಕೈ ಹಿಡದು ಗ್ವಾಡಿಗಿ ಒತ್ತಿ ನಿಂತೆ. ಗದ್ದಲ ಸರದ ಮ್ಯಾಲ ನೋಡಿದ್ರ ನನ್ನ ಓಡ್ನಿ ತುದಿ ಖಾಲಿ ಇತ್ತು.

ಅಕ್ಕಾ, ಇಷ್ಟು ಬರದು ಎದ್ದು ಬಾಗಿಲ ತನಕ ಹೋಗಿ ಬಂದೆ. ನಿನಗ ಆ ದಿನ ಫೋನಿನ್ಯಾಗ ನಾ ಹೇಳಲಿಲ್ಲ, ತಿಳಕೊಂಡಿದ್ರ ನೀ ಅಲ್ಲಿ ಒಬ್ಬಾಕಿ ಏನು ಮಾಡ್ತಿದ್ದಿ. ವಾಡಿ ಸ್ಟೇಷನ್ ನಿನಗ ಗೊತ್ತದ, ನಾಕೂ ಕಡೆ ಗಾಡಿ ಹೋಗ್ತಾವ. ನಗ್ಮಾ ಮಹಾದೇವಿನ ಕರ್ಕೊಂಡು ಒಂದು ಕಡೆ ಓಡಿದಳು, ನಾ ಇನ್ನೊಂದು ಕಡೆ. ಚಾದ ಅಂಗಡ್ಯಾಗ ಕೇಳಿದೆ, ನೀರಿನ ನಳದ ಹತ್ರ ಕೇಳಿದೆ, ಹೆಣ್ಣುಮಕ್ಕಳ ವೇಟಿಂಗ್ ರೂಮಿನ್ಯಾಗ ಬೆಂಚಿನ ಕೆಳಗ ಬಗ್ಗಿ ನೋಡಿದೆ. ಪೊಲೀಸರಿಗಿ ಅವನ ಅಂಗಿ ಬಣ್ಣ ಹೇಳಬೇಕಂದ್ರ ನೆನಪಿಗಿ ಬರವಲ್ಲದು, ನಾನೇ ಹಾಕಿದ್ದೆ ಮುಂಜಾನಿ. ಮೈಕಿನ್ಯಾಗ ಅವನ ಹೆಸರು ಕೂಗಿದ್ರು. ಹಳಿ ಕಡೆ ನೋಡೋ ಧೈರ್ಯ ಇರಲಿಲ್ಲ, ನೋಡಲಾರದೆ ಇರಲಿಕ್ಕೂ ಆಗಲಿಲ್ಲ. ಆಕಡಿ ಪ್ಲಾಟ್‌ಫಾರ್ಮ್ ಮ್ಯಾಲ ಸೇಡಂ ಕಡೆ ಹೋಗೋ ಗಾಡಿ ನಿಂತಿತ್ತು, ಬಿಡೋ ಹೊತ್ತಾಗಿತ್ತು. ಯಾಕ ಅಂತ ಗೊತ್ತಿಲ್ಲ, ನಾ ಸೇತುವಿ ಹತ್ತಿ ಇಳದು ಅದರ ಒಂದೊಂದು ಡಬ್ಬಿ ಕಿಟಕ್ಯಾಗ ಹಣಿಕಿ ನೋಡ್ಕೋತ ಓಡಿದೆ.

ಹಿಂದಿನ ಡಬ್ಬ್ಯಾಗ ಕುಂತಿದ್ದ. ತೆಂಗಳಿ ಕಡೆಯ ಒಬ್ಬಾಕಿ ಮುದುಕಿ ಬಾಜೂಕ, ಆಕಿ ಕೊಟ್ಟ ಸುಟ್ಟ ಶೇಂಗಾ ಸುಲದು ತಿನ್ಕೋತ. ನಾ ಹತ್ತಿ ಹೋಗಿ ಎದುರಿಗಿ ನಿಂತೆ. ಅವ ತಲಿ ಎತ್ತಿ ನೋಡಿ, ಏನೂ ಆಗಲಾರದವರಂಗ ಹೇಳಿದ, "ನೀ ತಡಾ ಮಾಡಿದಿ. ಐದಕ್ಕ ಹತ್ತು ಕಮ್ಮಿಗಿ ಗಾಡಿ ಬಿಡ್ತದ. ಗಡಿಯಾರ ನೋಡಲಿಲ್ಲೇನು?"

ಹೊಡೀಬೇಕು ಅಂತ ಕೈ ಎತ್ತಿದೆ, ಆ ಕೈ ಹಂಗೇ ಅವನ ತಲಿ ಮ್ಯಾಲ ಇಳೀತು. ಮುದುಕಿ ಸರದು ಜಾಗಾ ಕೊಟ್ಟು, ನಿನ್ನ ಮಗ ಶಾಣ್ಯಾ ಇದ್ದಾನ, ಯಾವ ಗಾಡಿ ಸೇಡಂಗ ಹೋಗ್ತದ ಅಂತ ಮೂರು ಮಂದಿಗಿ ಕೇಳಿ ಹತ್ಯಾನ ಅಂದಳು. ನನ್ನ ಮಗ ಅಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ನಗ್ಮಾಗ ಫೋನ್ ಮಾಡಿದೆ, ಅಕಿ ಮಹಾದೇವಿನ ಎಳಕೊಂಡು ಓಡಿ ಬಂದು ಗಾಡಿ ಹತ್ತಿಸಿ ಹೋದಳು. ಅಕಿನೂ ಅತ್ತಿದ್ದಳು, 'ನಾ ಏನು ಅಂದೆ ಅಂತ ಹಿಂಗಾಯ್ತು' ಅಂತ ಎರಡು ಸಲ ಕೇಳಿದಳು. ಅಕಿ ತಪ್ಪು ಏನೂ ಇಲ್ಲ ಅಂತ ನೀನೂ ಅಕಿಗಿ ಹೇಳು.

ಗಾಡಿ ವಾಡಿ ಬಿಟ್ಟ ಮ್ಯಾಲ ಮಹಾದೇವಿ ನಿದ್ದಿ ಹೋದಳು. ಅಣವೀರ ನನ್ನ ತೊಡಿ ಮ್ಯಾಲ ತಲಿ ಇಟ್ಟು ಮ್ಯಾಲ ನೋಡ್ಕೋತ ಮಲಗಿದ್ದ. ನಾ ಹೇಳಿದೆ, ಅಣ್ಯಾ, ಆಶಾಬಿ ಮನ್ಯಾಗ ನೀ ಹುಮೇರಾಗ ಕಲಿಸಿದ್ದು ನಾ ಕೇಳೀನಿ. ಮಮ್ಮಿ ಹತ್ರ ಹೋಗಲಿಕ್ಕ ಯಾಕ ಒಲ್ಲಿ, ಮಮ್ಮಿ ನಿನಗ ದಿನಾ ನೆನಸ್ತಾಳ ಅಂದೆ. ಮಮ್ಮಿ ಚಲೋ ಇದ್ದಾಳ ಅಂದ. ಮತ್ತ ಯಾಕ ಅಂದೆ. ಗಾಡಿ ಸಪ್ಪಳದಾಗ ನನಗ ಕೇಳ್ತೋ ಇಲ್ಲೋ ಅನ್ನೋ ಅಷ್ಟು ಸಣ್ಣ ದನೀಲೆ ಕೇಳಿದ, "ಮಮ್ಮಿ ಹತ್ತು ನಿಮಿಷ ಇರ್ತಾಳ. ಆಮ್ಯಾಲ ಅಲ್ಲಿ ನಮ್ಮ ಹತ್ರ ಯಾರು ಇರ್ತಾರ?"

ಅವನ ಲೆಕ್ಕ ನಿನಗ ತಿಳೀತೋ ಇಲ್ಲೋ ಅಕ್ಕಾ. ನೀ ಹೋದಾಗ ಅವಗ ಮೂರು ದಾಟಿದ್ದವು. ಅವಗ ತಿಳಿವಳಿಕಿ ಬಂದಾಗಿಂದ ಮಮ್ಮಿ ಅಂದ್ರ ದೀಪ ಹಚ್ಚೋ ಹೊತ್ತಿಗಿ ಬಂದು ಹತ್ತು ನಿಮಿಷಕ್ಕ ಹೋಗಾಕಿ. ಅಲ್ಲಿಗಿ ಹೋದ್ರೂ ಹತ್ತು ನಿಮಿಷ ಬರ್ತಾಳ, ಉಳದ ಹೊತ್ತಿಗಿ ಚಿಗವ್ವ ಇಲ್ಲ, ಮುತ್ಯಾ ಇಲ್ಲ, ಆಯಿ ಇಲ್ಲ. ಈ ಪೋರಗ ಅಂಜಿಕಿ ಆಗಲಾರದೆ ಏನಾಗಬೇಕು. ನಾ ಅವಗ ಹೇಳಿದೆ, ಹಂಗಲ್ಲ, ಅಲ್ಲಿ ಮಮ್ಮಿ ನಿನ್ನ ಜೋಡಿನೇ ಮಲಗ್ತಾಳ, ನಿನ್ನ ಜೋಡಿನೇ ಏಳ್ತಾಳ. ಹ್ಞೂಂ ಅಂದ. ನಾ ಅಂಗಡ್ಯಾಗಿನ ಆಟಿಗಿ ಸಾಮಾನು ನಾಳಿಗಿ ಕೊಡಸ್ತೀನಿ ಅಂದಾಗ ಹ್ಯಾಂಗ ಹ್ಞೂಂ ಅಂತಾನೋ ಹಂಗ.

ನಿನ್ನ ಮ್ಯಾಲ ದೂರು ಬರೀಲಿಕತ್ತೀನಿ ಅಂತ ತಿಳೀಬ್ಯಾಡ. ನೀ ಸುಮ್ಮ ಹೋದಾಕಿ ಅಲ್ಲ. ಕೊರೊನಾದಾಗ ಹುಡುಗರ ಅಪ್ಪ, ನಮ್ಮ ಮಾಮಾ ತೀರಿಕೊಂಡಾಗ ನಿನ್ನ ಕಂಕಳಾಗ ಈ ಕೂಸು ಇತ್ತು. ಆಮ್ಯಾಲ ನೀ ಎದ್ದು ನಿಂತು, ಅರ್ಧಕ್ಕ ಬಿಟ್ಟ ಪಿಎಚ್‌ಡಿ ಮುಗಿಸಿ, ಸಂದರ್ಶನ ಕೊಟ್ಟು, ಆ ದೇಶಕ್ಕ ಒಬ್ಬಾಕಿನೇ ಹೋದಿ. ನಿನ್ನ ಜಾಗಾದಾಗ ನಾ ಇದ್ದಿದ್ರ ಹೋಗ್ತಿದ್ದಿಲ್ಲ. ಓಣ್ಯಾಗ ಕೆಲವರು, ಶಿವಗಂಗಾಗ ಹುಡುಗರನ್ನ ಬಿಡಲಿಕ್ಕ ಮನಸಿಲ್ಲ, ಅದಕ್ಕ ಅವ ಹಿಂಗ ಮಾಡ್ತಾನ ಅಂತಾರ. ಇದ್ದೀತು. ಅವ ಮೈ ಬಿಸಿ ಮಾಡ್ಕೊಂಡು ಮಲಗಿದಾಗ ನನ್ನ ಕೈ ಹುಡುಕ್ತಾನ, ನನಗ ಸುಖ ಆಗ್ತದ. ಆ ಸುಖ ನಂದಲ್ಲ ಅಂತ ಗೊತ್ತಿದ್ದೂ ಆಗ್ತದ. ವಾಡಿಯಿಂದ ಬಂದ ಮ್ಯಾಲ ವಾರ ಪೂರ್ತಿ ನನ್ನನ್ನೇ ನಾ ಕೇಳ್ಕೊಂಡೀನಿ, ಇದು ಅಣವೀರನ ಸಲುವಾಗಿ ಬರೀಲಿಕತ್ತೀನೋ ನನ್ನ ಸಲುವಾಗಿ ಬರೀಲಿಕತ್ತೀನೋ ಅಂತ. ಮುಂಜಾನಿ ಒಂದು ಉತ್ತರ ಬರ್ತದ, ಸಂಜಿ ಇನ್ನೊಂದು. ಉತ್ತರ ಯಾವುದಿದ್ರೂ ಅವ ಗಾಡ್ಯಾಗ ಕೇಳಿದ ಮಾತು ಮಾತ್ರ ಬದಲಾಗಂಗಿಲ್ಲ, ಅದಕ್ಕ ಬರೀಲಿಕತ್ತೀನಿ.

ವಾಡಿಯಿಂದ ಬಂದ ಮ್ಯಾಲ ಅವ ನಾಟಕ ಬಿಟ್ಟಾನ. ನಿನ್ನೆ ಅವ್ವ ಮದ್ದಿನ ಗುಳಿಗಿ ಹೊತ್ತಾಯ್ತೇನು ನೋಡು ಅಂದ್ರ, ಗ್ವಾಡಿ ನೋಡಿ ಕನ್ನಡದಾಗೂ ಹೇಳಿದ, ಸ್ಪ್ಯಾನಿಷಿನ್ಯಾಗೂ ಹೇಳಿದ. ಮಹಾದೇವಿ ಬಾಯಿ ತೆರದು ನಿಂತಳು. ಬಂದಿದ್ದು ಮುಚ್ಚಿಟ್ಟು ಏನು ಉಪಯೋಗ ಅಂತ ಅನ್ನಿಸಿರಬೇಕು. ಆದ್ರ ನಿನ್ನ ಫೋನ್ ಬರೋ ಹೊತ್ತಿಗಿ ಆಶಾಬಿ ಮನಿಗಿ ಹೋಗ್ತಾನ. ಮೂರು ದಿನದಿಂದ ಅವ ಆಟಕ್ಕ ಹೋಗ್ಯಾನ ಅಂತ ನಾ ನಿನಗ ಹೇಳ್ಲಿಕತ್ತಿದ್ದೆಲ್ಲ, ಅದು ಆಟಕ್ಕಲ್ಲ.

ಹೊತ್ತು ಮುಳಗ್ಲಿಕತ್ತದ, ಅವ್ವ ಎದ್ದಳು, ಇನ್ನ ಹುಡುಗರು ಬರ್ತಾರ. ಅಪ್ಪ ಅವ್ವನ ಆಶೀರ್ವಾದ ನಿನ್ನ ಮ್ಯಾಲ ಸದಾ ಅದ. ಆಶಾಬಿ ನಿನಗ ಸಲಾಂ ಹೇಳ್ಯಾಳ, ಬರೋವಾಗ ಅಲ್ಲಿನ ಖರ್ಜೂರ ಸಿಕ್ರ ತರಲಿ ಅಂದಾಳ. ಮಹಾದೇವಿ ನಿನಗ ಒಂದು ಚಿತ್ರ ಬರದಾಳ, ಇದರಾಗೇ ಮಡಚಿ ಇಟ್ಟೀನಿ. ಸೊಂಟಕ್ಕ ಶೇಕ ಕೊಡು. ಭಾರ ಎತ್ತಬ್ಯಾಡ. ಬಸವಣ್ಣ ನಿನಗ ಕಾಯಲಿ.

ನಿನ್ನ ಪ್ರೀತಿಯ ತಂಗಿ,
ಶಿವಗಂಗಾ

ತಾ.ಕ. ಲಕೋಟಿ ಅಂಟಸೋಕಿಂತ ಮೊದಲು ಇದನ್ನ ಬರೀಲಿಲ್ಲಂದ್ರ ಮತ್ತ ಬರೀಲಿಕ್ಕ ಆಗಂಗಿಲ್ಲ. ನಿನ್ನೆ ನಗ್ಮಾಗ ಫೋನ್ ಮಾಡಿ, ಹುಡುಗರು ನಿನ್ನ ಜೋಡಿ ಬರಂಗಿಲ್ಲ, ನೀ ಹೋಗು ತಾಯಿ ಅಂತ ಹೇಳೀನಿ. ಈ ಪತ್ರ ನಿನ್ನ ಕೈಗಿ ಮುಟ್ಟೋ ತನಕ ನಿನಗ ಹೇಳಬ್ಯಾಡ ಅಂತ ಅಕಿಗಿ ಆಣಿ ಹಾಕೀನಿ. ಚಿಂಚೋಳಿಗಿ ಅಪ್ಪನ್ನ ಕಳಿಸಿ, ಮದುವಿ ಬ್ಯಾಸಗಿ ತನಕ ತಡೀರಿ ಅಂತ ಹೇಳಿಸೀನಿ, ಸಿದ್ಧಲಿಂಗ ಆಗಲಿ ಅಂದಾನ. ಪ್ರಯೋಗ ಅರ್ಧಕ್ಕ ಬಿಟ್ಟು ಬರಲಿಕ್ಕ ಆಗಂಗಿಲ್ಲ ಅಂತಿ, ಗೊತ್ತದ. ಕಡ್ಲಿ ಗಿಡಕ್ಕ ಯಾರರ ನೀರು ಹಾಕ್ತಾರ. ನೀನೇ ಬಂದು ಕರ್ಕೊಂಡು ಹೋಗು ಅಕ್ಕಾ. ಬಂದು ಮುಂಜಾನಿಂದ ಸಂಜೀ ತನಕ ಅವನ ಕಣ್ಣ ಮುಂದ ಇರು. ರೊಟ್ಟಿ ಬಡಿ, ತಲಿ ಬಾಚ್ಕೋ, ಸಿಟ್ಟಿಗೇಳು, ಮಧ್ಯಾಹ್ನ ಬಾಯಿ ತೆರದು ಗೊರಕಿ ಹೊಡಿ. ಅವ ಮೊದಲು ನಿನ್ನ ಹತ್ರ ಬರಂಗಿಲ್ಲ, ನನ್ನ ಹಿಂದ ನಿಂದರ್ತಾನ. ತಡ್ಕೋ. ಒಂದಿನ ತಾನೇ ಬಂದು ಕುಂದ್ರತಾನ. ಆವಾಗ ಇಬ್ಬರನ್ನೂ ಕರ್ಕೊಂಡು ಹೋಗು, ನಾ ಅಡ್ಡ ಬರಂಗಿಲ್ಲ. ಅಲ್ಲಿ ತನಕ ಇವರ ಪಾಸ್‌ಪೋರ್ಟ್ ನನ್ನ ಟ್ರಂಕಿನ್ಯಾಗ ಇರ್ತಾವ, ಅಪ್ಪ ಕೇಳಿದ್ರೂ ಕೊಡಂಗಿಲ್ಲ, ನೀ ಫೋನಿನ್ಯಾಗ ಅತ್ತರೂ ಕೊಡಂಗಿಲ್ಲ. ಬರೋ ದಿನ ಹೇಳು, ವಾಡಿಗಿ ಅವನ್ನ ಕರ್ಕೊಂಡು ಬರ್ತೀನಿ.